400 ನ್ಯೂಟನ್ ಮೀಟರ್ ಬೋಲ್ಟ್ ಮನೆಯಲ್ಲೇ ಬಿಗಿ ಮಾಡುವುದು: ಯಾವ ದಾರಿ ಯಾರಿಗೆ?

ಎಂಜಿನ್ ಬಿಚ್ಚಿ ಮತ್ತೆ ಕಟ್ಟುವಾಗ ಬಹುಪಾಲು ಬೋಲ್ಟ್‌ಗಳು ತಕರಾರು ಮಾಡುವುದಿಲ್ಲ. ವಾಲ್ವ್ ಕವರ್‌ಗೆ 10 ನ್ಯೂಟನ್ ಮೀಟರ್ ಆಸುಪಾಸು ಸಾಕು. ಕನೆಕ್ಟಿಂಗ್ ರಾಡ್, ಬೇರಿಂಗ್ ಕ್ಯಾಪ್, ಹೆಡ್ ಬೋಲ್ಟ್ ಇವನ್ನೆಲ್ಲ ಒಂದು ಒಳ್ಳೆಯ ಅರ್ಧ ಇಂಚಿನ ಟಾರ್ಕ್ ವ್ರೆಂಚ್ (ತಿರುಗಿಸುವ ಬಲವನ್ನು ನ್ಯೂಟನ್ ಮೀಟರ್‌ನಲ್ಲಿ ಅಳೆಯುವ ಪಾನಾ) ಇಟ್ಟುಕೊಂಡು ಮುಗಿಸಬಹುದು. ಕೊನೆಗೆ ಒಂದು ಉಳಿದುಬಿಡುತ್ತದೆ. ಪಿಸ್ಟನ್‌ಗಳು ತಿರುಗಿಸುವ ಶಾಫ್ಟ್, ಅಂದರೆ ಕ್ರ್ಯಾಂಕ್, ಅದರ ಒಂದು ತುದಿಯ ಪುಲ್ಲಿಯ ನಡುವಿನ ದಪ್ಪ ಬೋಲ್ಟ್, ಇಲ್ಲವೇ ಇನ್ನೊಂದು ತುದಿಯ ಭಾರದ ಚಕ್ರದ, ಅಂದರೆ ಫ್ಲೈವೀಲ್‌ನ, ನಡುವಿನ ಒಂಟಿ ನಟ್. ಮ್ಯಾನುಯಲ್‌ನಲ್ಲಿ ಅದರ ಅಂಕಿ ನೋಡಿದಾಗ ಅಚ್ಚಿನ ತಪ್ಪಿರಬಹುದಾ ಅನ್ನಿಸುತ್ತದೆ.

ತಪ್ಪಲ್ಲ. ಗಾಳಿಯಿಂದ ತಣಿಯುವ ಹಳೆಯ ಫೋಕ್ಸ್‌ವ್ಯಾಗನ್ ಬೀಟಲ್‌ನ ಫ್ಲೈವೀಲ್ ನಟ್‌ಗೆ 343 ನ್ಯೂಟನ್ ಮೀಟರ್. ಹೋಂಡಾದ ಕೆ ಸರಣಿಯ ಎಂಜಿನ್‌ಗಳಲ್ಲಿ ಮೊದಮೊದಲು ಬಂದವಕ್ಕೆ ಕ್ರ್ಯಾಂಕ್ ಬೋಲ್ಟ್ 245. ಟೊಯೊಟಾ 2ಜೆಝಡ್‌ಗೆ 330. ಬಿಎಂಡಬ್ಲ್ಯು ಎಂ54ಗೆ 410. ಮಾಜ್ದಾ ಆರ್‌ಎಕ್ಸ್-7ರ ರೋಟರಿ ಎಂಜಿನ್ ಇವರೆಲ್ಲರಿಗೂ ಅಣ್ಣ: ಫ್ಲೈವೀಲ್ ನಟ್‌ನ ಅಗಲವೇ 54 ಮಿಲಿಮೀಟರ್, ಬಿಗಿ 392ರಿಂದ 490.

410 ಅಂದರೆ ಎಷ್ಟು? ಒಂದು ಮೀಟರ್ ಉದ್ದದ ರಾಡ್ ಅಡ್ಡಲಾಗಿ ಹಿಡಿದು ಅದರ ತುದಿಗೆ ಸುಮಾರು 42 ಕಿಲೋ ತೂಗುಹಾಕಿದಷ್ಟು. ಹಿಡಿಕೆ 60 ಸೆಂಟಿಮೀಟರ್ ಮಾತ್ರ ಇದ್ದರೆ 70 ಕಿಲೋ ಬೇಕು.

ಇಷ್ಟೊಂದು ಯಾಕೆ ಅಂದರೆ, ಆ ಬೋಲ್ಟ್‌ನ ಕೆಲಸ ಬರೀ ಪುಲ್ಲಿ ಬಿದ್ದುಹೋಗದಂತೆ ನೋಡಿಕೊಳ್ಳುವುದಲ್ಲ. ಪುಲ್ಲಿಯನ್ನೂ, ವಾಲ್ವ್‌ಗಳನ್ನು ಪಿಸ್ಟನ್‌ಗೆ ಹೊಂದಿಸಿ ಓಡಿಸುವ ಟೈಮಿಂಗ್ ಗೇರನ್ನೂ ಕ್ರ್ಯಾಂಕಿನ ಮುಖಕ್ಕೆ ಒತ್ತಿ ಹಿಡಿಯುವುದು. ಆ ಒತ್ತಡದಿಂದ ಬರುವ ಘರ್ಷಣೆಯೇ ತಿರುಗುವ ಬಲವನ್ನು ಸಾಗಿಸುತ್ತದೆ. ಕೀ (ಕ್ರ್ಯಾಂಕ್ ಮತ್ತು ಗೇರಿನ ನಡುವೆ ಕೂರುವ ಸಣ್ಣ ಲೋಹದ ತುಂಡು) ಇದ್ದರೂ ಅದು ಹೆಚ್ಚಾಗಿ ಜಾಗ ತೋರಿಸುವುದಕ್ಕೆ ಇರುವಂಥದ್ದು. ಫೋರ್ಡ್ ಡುರಾಟೆಕ್ 2.0, 2.3 ಮತ್ತು ಅದರ ಅಣ್ಣತಮ್ಮ ಮಾಜ್ದಾ ಎಂಜಿನ್‌ಗಳಲ್ಲಿ ಕೀ ಕೂಡ ಇಲ್ಲ. ಬೋಲ್ಟ್ ಸಡಿಲವಾದರೆ ಗೇರ್ ಜಾರುತ್ತದೆ, ಟೈಮಿಂಗ್ ತಪ್ಪುತ್ತದೆ, ವಾಲ್ವ್ ಹೋಗಿ ಪಿಸ್ಟನ್‌ಗೆ ಬಡಿಯುತ್ತದೆ. ಮಾಜ್ದಾ ಮಿಯಾಟಾದಲ್ಲಿ 1990 ಮತ್ತು 1991ರ ಮೊದಲ ಭಾಗದ ಕಾರುಗಳಿಗೆ ಕ್ರ್ಯಾಂಕಿನ ಮೂತಿ ಗಿಡ್ಡ ಇತ್ತು. ಬೋಲ್ಟ್ ಸ್ವಲ್ಪ ಸಡಿಲವಾದರೂ ಕೀ ಅಲ್ಲಾಡಿ ಅಲ್ಲಾಡಿ ಕ್ರ್ಯಾಂಕಿನಲ್ಲಿ ಅದು ಕೂರುವ ಕಚ್ಚನ್ನೇ ತಿಂದುಹಾಕುತ್ತಿತ್ತು. ಆಮೇಲೆ ಕ್ರ್ಯಾಂಕೇ ಬದಲಿಸಬೇಕು. ಹಾಗಾಗಿ "ಕೈಗೆ ಸಿಕ್ಕಷ್ಟು ಟೈಟ್ ಮಾಡಿದೆ, ಸಾಕು" ಅನ್ನುವುದು ಇಲ್ಲಿ ನಡೆಯುವುದಿಲ್ಲ.

ಇನ್ನು ಆಯ್ಕೆಯ ಮಾತು. ಹೆಚ್ಚಿನವರು ಮೊದಲು ಕೇಳುವುದು ಯಾವ ವ್ರೆಂಚ್ ಕೊಳ್ಳಲಿ ಅಂತ. ನನ್ನ ಪ್ರಕಾರ ಅದು ಮೂರನೆಯ ಪ್ರಶ್ನೆ. ಮೊದಲನೆಯದು ಮ್ಯಾನುಯಲ್ ಅಂಕಿಯನ್ನು ಹೇಗೆ ಬರೆದಿದೆ ಅನ್ನುವುದು. ಎರಡನೆಯದು ನೀವು ಕ್ರ್ಯಾಂಕ್ ತಿರುಗದಂತೆ ಹೇಗೆ ಹಿಡಿಯುತ್ತೀರಿ ಅನ್ನುವುದು. ಈ ಎರಡಕ್ಕೆ ಉತ್ತರ ಸಿಕ್ಕರೆ ಎಷ್ಟೋ ಜನರಿಗೆ ದೊಡ್ಡ ವ್ರೆಂಚ್ ಬೇಕಾಗುವುದೇ ಇಲ್ಲ.

ಬರೀ ಟಾರ್ಕಾ, ಡಿಗ್ರಿಯೂ ಇದೆಯಾ?

ಕೆಲವು ಬೋಲ್ಟ್‌ಗಳಿಗೆ ಒಂದೇ ಅಂಕಿ ಇರುತ್ತದೆ. ಎಂ54ಗೆ 410, ಮುಗಿಯಿತು. ಇನ್ನು ಕೆಲವಕ್ಕೆ ಸಣ್ಣ ಟಾರ್ಕ್, ಅದರ ಮೇಲೆ ಇನ್ನೆಷ್ಟು ತಿರುಗಿಸಬೇಕು ಅನ್ನುವ ಡಿಗ್ರಿ. ನಮ್ಮಲ್ಲಿ ಬೇಕಾದಷ್ಟು ಓಡಾಡಿದ ಆಕ್ಟೇವಿಯಾ 1.9 ಟಿಡಿಐ ಎಂಜಿನ್‌ಗೆ ಕ್ರ್ಯಾಂಕ್ ಗೇರಿನ ಬೋಲ್ಟ್ 120 ನ್ಯೂಟನ್ ಮೀಟರ್, ಆಮೇಲೆ 90 ಡಿಗ್ರಿ. ಡುರಾಟೆಕ್‌ಗೆ 100, ಆಮೇಲೆ 90 ಡಿಗ್ರಿ. ಹೋಂಡಾ ಕೂಡ ಕೆ ಸರಣಿಯಲ್ಲಿ ಮುಂದೆ 49 ಮತ್ತು 90 ಡಿಗ್ರಿಗೆ ಬದಲಾಯಿಸಿಕೊಂಡಿತು. ಆದ್ದರಿಂದ "ಕೆ24ಗೆ ಎಷ್ಟು?" ಅಂತ ಯಾರನ್ನೋ ಕೇಳಬೇಡಿ. ನಿಮ್ಮ ಎಂಜಿನ್‌ನ ವರ್ಷದ ಮ್ಯಾನುಯಲ್ ನೋಡಿ. ಹಳೆಯ ಬೋಲ್ಟ್‌ಗೆ ಹೊಸ ಅಂಕಿ, ಹೊಸ ಬೋಲ್ಟ್‌ಗೆ ಹಳೆ ಅಂಕಿ, ಎರಡೂ ಕೆಡುಕೇ.

ಡಿಗ್ರಿ ಇರುವ ಬೋಲ್ಟ್ ಸಿಕ್ಕಿದರೆ ನಿಮ್ಮ ಅದೃಷ್ಟ. ಕಾರಣ ಇದು: ಟಾರ್ಕ್ ವ್ರೆಂಚ್ ಅಳೆಯುವುದು ತಿರುಗಿಸುವ ಬಲವನ್ನು. ನಮಗೆ ಬೇಕಿರುವುದು ಬೋಲ್ಟ್ ಹಿಗ್ಗಿ ಒತ್ತುವ ಬಲ. ನೀವು ಹಾಕುವ ಬಲದಲ್ಲಿ ಅರ್ಧದಷ್ಟು ಬೋಲ್ಟ್ ತಲೆಯ ಕೆಳಗಿನ ಘರ್ಷಣೆಗೆ ಹೋಗುತ್ತದೆ, ಶೇಕಡ 40ರಷ್ಟು ಥ್ರೆಡ್‌ನ ಘರ್ಷಣೆಗೆ. ಉಳಿದ ಶೇಕಡ 10ರಷ್ಟು ಮಾತ್ರ ಬೋಲ್ಟನ್ನು ಎಳೆದು ಹಿಗ್ಗಿಸುತ್ತದೆ. ಥ್ರೆಡ್‌ಗೆ ಎಣ್ಣೆ ಇದೆಯೋ ಇಲ್ಲವೋ, ವಾಷರ್ ಒರಟಾಗಿದೆಯೋ ಅನ್ನುವುದರ ಮೇಲೆ ಆ ಕೊನೆಯ ಪಾಲು ಏರುಪೇರಾಗುತ್ತದೆ. ಡಿಗ್ರಿ ಲೆಕ್ಕ ಈ ಘರ್ಷಣೆಯನ್ನು ಬಹುಮಟ್ಟಿಗೆ ಪಕ್ಕಕ್ಕಿಡುತ್ತದೆ. ಥ್ರೆಡ್ ಇಷ್ಟು ತಿರುಗಿದರೆ ಬೋಲ್ಟ್ ಇಷ್ಟೇ ಹಿಗ್ಗಬೇಕು. ಹಾಗಾಗಿ ಇಲ್ಲಿ ದುಬಾರಿ ಸಾಧನ ಬೇಡ. ಮೊದಲ ಅಂಕಿಗೆ ಮಾಮೂಲಿ ಟಾರ್ಕ್ ವ್ರೆಂಚ್, ಡಿಗ್ರಿಗೆ ಒಂದು ಉದ್ದದ ಬ್ರೇಕರ್ ಬಾರ್ (ತುದಿಗೆ ಸಾಕೆಟ್ ಹಾಕಿ ತಿರುಗಿಸುವ ಗಟ್ಟಿ ರಾಡ್) ಮತ್ತು ಬಿಳಿ ಪೇಂಟ್ ಮಾರ್ಕರ್. ಬಲ ಎಷ್ಟು ಬಿತ್ತು ಅಂತ ಯಾರೂ ಕೇಳುವುದಿಲ್ಲ.

ಮಾರ್ಕ್ ಹಾಕುವುದರಲ್ಲಿ ಒಂದು ಸೂಕ್ಷ್ಮ ಇದೆ. ಅಂಗಡಿಯಲ್ಲಿ ಸಿಗುವ ಆ್ಯಂಗಲ್ ಗೇಜ್‌ನ ಕಡ್ಡಿಯನ್ನು ಎಂಜಿನ್ ಬ್ಲಾಕ್‌ಗೆ ತಾಗಿಸಿ ನಿಲ್ಲಿಸುತ್ತಾರೆ. ಅದು ಬ್ಲಾಕ್‌ಗೆ ಹೋಲಿಸಿ ಎಷ್ಟು ತಿರುಗಿತು ಅನ್ನುವುದನ್ನು ತೋರಿಸುತ್ತದೆ. ನೀವು ಹಿಡಿದಿದ್ದ ಕ್ರ್ಯಾಂಕ್ ನಡುವೆ ನಾಲ್ಕೈದು ಡಿಗ್ರಿ ಜಾರಿದರೆ ಗೇಜ್ ಅದನ್ನೂ ಸೇರಿಸಿಕೊಂಡು 90 ಅನ್ನುತ್ತದೆ. ಬೋಲ್ಟ್ ಮಾತ್ರ 85ರಲ್ಲಿ ನಿಂತಿರುತ್ತದೆ. ಅದರ ಬದಲು ಬೋಲ್ಟ್ ತಲೆಯ ಒಂದು ಮೂಲೆಗೆ ಬಿಳಿ ಗೆರೆ, ಅದರ ಎದುರಿಗೆ ಪುಲ್ಲಿಯ ಮೇಲೆ ಒಂದು ಗೆರೆ, ಬೋಲ್ಟ್ ಹೋಗಿ ನಿಲ್ಲಬೇಕಾದ ಜಾಗದಲ್ಲಿ ಪುಲ್ಲಿಯ ಮೇಲೆ ಇನ್ನೊಂದು ಗೆರೆ ಹಾಕಿ. ಆರು ಮೂಲೆಯ ತಲೆಯಲ್ಲಿ ಒಂದು ಮೂಲೆಯಿಂದ ಮುಂದಿನದಕ್ಕೆ 60 ಡಿಗ್ರಿ. ಒಂದೂವರೆ ಮೂಲೆ ಅಂದರೆ 90. ಪುಲ್ಲಿ ಜಾರಿದರೂ ಈ ಗೆರೆಗಳು ಸುಳ್ಳು ಹೇಳುವುದಿಲ್ಲ, ಯಾಕೆಂದರೆ ಎರಡೂ ಕಡೆ ಒಟ್ಟಿಗೇ ಜಾರಿರುತ್ತವೆ.

ಡಿಗ್ರಿ ಬೋಲ್ಟ್‌ಗಳನ್ನು ಸಾಮಾನ್ಯವಾಗಿ ಹೊಸದೇ ಹಾಕಬೇಕು. ಒಮ್ಮೆ ಹಿಗ್ಗಿದ್ದು ಹಿಗ್ಗಿದ್ದೇ. ಇಲ್ಲಿ ಜನರಲ್ ಮೋಟಾರ್ಸ್‌ನ ಎಲ್‌ಎಸ್ ವಿ8 ಎಂಜಿನ್‌ನ ಕ್ರಮ ನನಗೆ ಬಹಳ ಇಷ್ಟ. ಮೊದಲು ಹಳೆಯ ಬೋಲ್ಟನ್ನೇ ಹಾಕಿ 330 ನ್ಯೂಟನ್ ಮೀಟರ್‌ಗೆ ಎಳೆದು ಪುಲ್ಲಿಯನ್ನು ಪೂರ್ತಿ ಕೂರಿಸಬೇಕು. ಅದನ್ನು ತೆಗೆದು ಹೊಸ ಬೋಲ್ಟ್ 50ಕ್ಕೆ, ಆಮೇಲೆ 140 ಡಿಗ್ರಿ. ಹಾಗಾಗಿ ಹಳೇ ಬೋಲ್ಟ್ ಗುಜರಿಗೆ ಹಾಕುವ ಮುಂಚೆ ಮ್ಯಾನುಯಲ್ ಓದಿ.

ಹಿಡಿತ: ಕೆಲಸ ಕೆಡುವುದು ಇಲ್ಲೇ

ಎಂಜಿನ್ ಸ್ಟ್ಯಾಂಡ್ ಮೇಲೆ ಕೂತಿದೆ ಅಂದುಕೊಳ್ಳಿ. ಪುಲ್ಲಿ ಬೋಲ್ಟ್‌ಗೆ ಉದ್ದದ ರಾಡ್ ಹಾಕಿ ಎಳೆದರೆ ಮೊದಲು ತಿರುಗುವುದು ಕ್ರ್ಯಾಂಕ್. ಅದನ್ನು ಹಿಡಿದರೆ ಎಂಜಿನ್ ತಿರುಗುತ್ತದೆ. ಅದನ್ನೂ ಲಾಕ್ ಮಾಡಿದರೆ ಸ್ಟ್ಯಾಂಡೇ ಮಗುಚಲು ಹೊರಡುತ್ತದೆ. ಎಂಜಿನ್ ಮೈಮೇಲೆ ಬಿದ್ದ ಮೇಲೆ ವ್ರೆಂಚ್ ಎಷ್ಟು ಒಳ್ಳೆಯದಾಗಿತ್ತು ಅನ್ನುವುದು ಮುಖ್ಯವಲ್ಲ.

ಏನೇನೋ ಉಪಾಯ ಮಾಡುತ್ತಾರೆ. ಸ್ಪಾರ್ಕ್ ಪ್ಲಗ್ ತೂತಿನಿಂದ ಹಗ್ಗ ತುರುಕಿ ಪಿಸ್ಟನ್ ತಡೆಯುವುದು ಒಂದು. ಬಿಚ್ಚುವಾಗ ನಡೆದೀತು. ಹೊಸದಾಗಿ ಕಟ್ಟಿದ ಎಂಜಿನ್‌ನಲ್ಲಿ 400 ನ್ಯೂಟನ್ ಮೀಟರ್ ಬಲವನ್ನು ಒಂದು ಕನೆಕ್ಟಿಂಗ್ ರಾಡ್ ಮೇಲೆ ಹಾಕಲು ನನಗಂತೂ ಮನಸ್ಸು ಬರುವುದಿಲ್ಲ. ಟೈಮಿಂಗ್ ಪಿನ್‌ನಿಂದ ಹಿಡಿಯುವುದು ಇನ್ನೂ ಕೆಟ್ಟದ್ದು. ಬಿಎಂಡಬ್ಲ್ಯು, ಫೋರ್ಡ್ ಎಂಜಿನ್‌ಗಳಲ್ಲಿ ಕ್ರ್ಯಾಂಕ್ ನಿಲ್ಲಿಸಲು ಕೊಡುವ ಪಿನ್ ಜಾಗ ಗುರುತಿಸುವುದಕ್ಕೆ ಮಾತ್ರ. ಬಲ ಬಿದ್ದರೆ ಪಿನ್ ಬಾಗುತ್ತದೆ. ಕೆಲವೊಮ್ಮೆ ಅದು ಕೂತ ತೂತೂ ಹಾಳಾಗುತ್ತದೆ.

ಸರಿಯಾದ ದಾರಿ ಪುಲ್ಲಿಯನ್ನೇ ಹಿಡಿಯುವುದು. ಹೋಂಡಾದವರು ಇದಕ್ಕೆ ಪುಣ್ಯ ಕಟ್ಟಿಕೊಂಡಿದ್ದಾರೆ. ಅವರ ಬಹಳಷ್ಟು ಪುಲ್ಲಿಗಳಲ್ಲಿ 50 ಮಿಲಿಮೀಟರ್‌ನ ಆರು ಮೂಲೆ ಗುಂಡಿ ಇದೆ. ಅದಕ್ಕೆ ಸರಿಹೊಂದುವ ಹಿಡಿಯುವ ಸಾಧನ ಕಡಿಮೆ ಬೆಲೆಗೇ ಸಿಗುತ್ತದೆ, ಅದರ ನಡುವಿನಿಂದ ಸಾಕೆಟ್ ಹೋಗುತ್ತದೆ. ಇಂಥ ಅನುಕೂಲ ಇಲ್ಲದ ಪುಲ್ಲಿಗಳಲ್ಲಿ ಹೆಚ್ಚಾಗಿ ಎರಡು ಮೂರು ಸಣ್ಣ ಬೋಲ್ಟ್ ತೂತುಗಳಿರುತ್ತವೆ. ದಪ್ಪ ಕಬ್ಬಿಣದ ಪಟ್ಟಿಗೆ ಆ ಅಳತೆಯಲ್ಲಿ ತೂತು ಕೊರೆಸಿ, ನಡುವೆ ಸಾಕೆಟ್ ಹೋಗುವಷ್ಟು ಜಾಗ ಮಾಡಿ ಬೋಲ್ಟ್ ಹಾಕಿದರೆ ನಿಮ್ಮದೇ ಹೋಲ್ಡರ್ ಆಯಿತು. ಯಾವ ವೆಲ್ಡಿಂಗ್ ಶಾಪ್‌ನವರೂ ಮಾಡಿಕೊಡುತ್ತಾರೆ. ಪಟ್ಟಿ ಒಂದು ಮೀಟರ್ ಉದ್ದ ಇರಲಿ. ಗಿಡ್ಡವಾದರೆ ತುದಿಯಲ್ಲಿ ಬೀಳುವ ಬಲ ಹೆಚ್ಚು, ಆ ಸಣ್ಣ ಬೋಲ್ಟ್‌ಗಳು ಕತ್ತರಿಸಿ ಹೋದಾವು.

ಈಗ ಎರಡು ರಾಡ್‌ಗಳನ್ನು ಎಲ್ಲಿ ಇಡಬೇಕು ಅನ್ನುವುದು. ಪುಲ್ಲಿಗೆ ಮುಖ ಮಾಡಿ ನಿಂತು ಅದನ್ನು ಗಡಿಯಾರ ಅಂದುಕೊಳ್ಳಿ. ವ್ರೆಂಚ್ 2 ಗಂಟೆಯ ಕಡೆ ಇರಲಿ, ಹೋಲ್ಡರ್ 4 ಗಂಟೆಯ ಕಡೆ. ಈಗ ಎರಡನ್ನೂ ಒಂದರ ಕಡೆಗೊಂದು ತಂದರೆ ಬೋಲ್ಟ್ ಬಿಗಿಯಾಗುತ್ತದೆ, ಸ್ಟ್ಯಾಂಡ್‌ಗೆ ಮಾತ್ರ ಹೆಚ್ಚೇನೂ ಗೊತ್ತೇ ಆಗುವುದಿಲ್ಲ. ಒಂದು ಬಲ ಇನ್ನೊಂದನ್ನು ಅಲ್ಲೇ ತಿಂದುಹಾಕುತ್ತದೆ. ಹೋಲ್ಡರ್‌ನ ತುದಿಯನ್ನು ನೆಲಕ್ಕೆ ಅಥವಾ ಒಂದು ಮರದ ದಿಮ್ಮಿಗೆ ಆನಿಸಿ, ವ್ರೆಂಚನ್ನು ಮೇಲಿನಿಂದ ಕೆಳಕ್ಕೆ ಒತ್ತಿದರೂ ಅದೇ ಫಲ. ತಪ್ಪು ಮಾಡಿ ಒಂದನ್ನು ಎಡಕ್ಕೆ, ಇನ್ನೊಂದನ್ನು ಬಲಕ್ಕೆ ಇಟ್ಟುಕೊಂಡು ಇಬ್ಬರು ಎಳೆದಾಡಿದರೆ ಇಬ್ಬರ ಬಲವೂ ಸೇರಿ ಸ್ಟ್ಯಾಂಡನ್ನು ಕೆಳಕ್ಕೆ ಒತ್ತುತ್ತದೆ ಇಲ್ಲವೇ ಮೇಲಕ್ಕೆ ಎತ್ತುತ್ತದೆ. ಇದು ಬೋಲ್ಟ್ ಬಲಗಡೆ ತಿರುಗಿ ಬಿಗಿಯಾಗುವ ಎಂಜಿನ್‌ಗಳ ಮಾತು. ಕೆಲವಕ್ಕೆ ಉಲ್ಟಾ ಥ್ರೆಡ್ ಇರುತ್ತದೆ, ಕೈ ಹಾಕುವ ಮುಂಚೆ ನೋಡಿಕೊಳ್ಳಿ.

ಮ್ಯಾನುಯಲ್ ಗೇರ್ ಕಾರಾದರೆ ಇನ್ನೊಂದು ಸುಲಭ ದಾರಿ ಇದೆ. ಪುಲ್ಲಿ ಬೋಲ್ಟನ್ನು ಸ್ಟ್ಯಾಂಡ್ ಮೇಲೆ ಮುಗಿಸಲೇಬೇಕು ಅಂತ ಹಟ ಬೇಡ. ಎಂಜಿನ್ ಕಾರಿಗೆ ಕೂರಿಸಿ, ಟಾಪ್ ಗೇರ್ ಹಾಕಿ, ಒಬ್ಬರು ಬ್ರೇಕ್ ಒತ್ತಿ ಕೂತರೆ ಒಂದು ಟನ್ನಿನ ಕಾರೇ ನಿಮ್ಮ ಹೋಲ್ಡರ್. ಅಲ್ಲಿಯವರೆಗೆ ಎಂಜಿನ್ ಸ್ಟಾರ್ಟ್ ಮಾಡಬಾರದು ಅಷ್ಟೆ. ಕೀ ಇಲ್ಲದ ಡುರಾಟೆಕ್‌ನಂಥ ಎಂಜಿನ್‌ಗೆ ಮಾತ್ರ ಇದು ಬೇಡ. ಅಲ್ಲಿ ಟೈಮಿಂಗ್ ಸಾಧನಗಳು ಹಾಕಿದ್ದ ಹಾಗೇ ಬೋಲ್ಟ್ ಬಿಗಿಯಾಗಬೇಕು, ಆದರೆ ಬಲವನ್ನು ಹೋಲ್ಡರ್ ಹೊರಬೇಕು, ಪಿನ್ ಅಲ್ಲ.

ಫ್ಲೈವೀಲ್ ನಟ್‌ಗೆ ಬೇರೆ ತೊಡಕು. ಸಾಮಾನ್ಯ ಸ್ಟ್ಯಾಂಡ್ ಎಂಜಿನನ್ನು ಹಿಡಿಯುವುದೇ ಫ್ಲೈವೀಲ್ ಕಡೆಯಿಂದ. ಹಾಗಾಗಿ ಆ ಕೆಲಸಕ್ಕೆ ಎಂಜಿನ್ ಕೆಳಗಿಳಿಸಿ ಬೆಂಚಿಗೋ ನೆಲಕ್ಕೋ ಭದ್ರ ಮಾಡಿ, ರಿಂಗ್ ಗೇರ್ ಹಲ್ಲಿಗೆ ಲಾಕ್ ಕೊಟ್ಟು ಎಳೆಯಬೇಕು.

ದೊಡ್ಡ ಟಾರ್ಕ್ ವ್ರೆಂಚ್

ಬರೀ ಟಾರ್ಕ್ ಅಂಕಿ ಇರುವವರಿಗೆ ಇದು ನೇರ ದಾರಿ. ಅರ್ಧ ಇಂಚಿನ ವ್ರೆಂಚ್‌ಗಳಲ್ಲಿ ಮಾಮೂಲಿನವು 200, 210ಕ್ಕೆ ಮುಗಿಯುತ್ತವೆ. ದೊಡ್ಡವು 250 ಪೌಂಡ್-ಅಡಿ, ಅಂದರೆ 339 ನ್ಯೂಟನ್ ಮೀಟರ್‌ವರೆಗೆ ಹೋಗುತ್ತವೆ. ಹೋಂಡಾದ 245ಕ್ಕೆ, 2ಜೆಝಡ್‌ನ 330ಕ್ಕೆ ಇದೇ ಸಾಕು. ಬೀಟಲ್‌ನವರನ್ನು ನೋಡಿ ಪಾಪ ಅನ್ನಿಸುತ್ತದೆ. ಅವರಿಗೆ ಬೇಕಿರುವುದು 253 ಪೌಂಡ್-ಅಡಿ, ಮೂರೇ ಮೂರು ಕಡಿಮೆ ಬಿತ್ತು!

ಅದಕ್ಕಿಂತ ಮೇಲೆ ಮುಕ್ಕಾಲು ಇಂಚಿನ ಡ್ರೈವ್ (ಸಾಕೆಟ್ ಕೂರುವ ಚೌಕ ತುದಿ) ಬೇಕು. ಈ ವ್ರೆಂಚ್ ಒಂದು ಮೀಟರ್‌ಗೂ ಜಾಸ್ತಿ ಉದ್ದ, ಕಿಲೋಗಟ್ಟಲೆ ಭಾರ. ಅದಕ್ಕೆ ಮುಕ್ಕಾಲು ಇಂಚಿನ ಸಾಕೆಟ್ ಬೇರೆ. ಅರ್ಧ ಇಂಚಿಗೆ ಇಳಿಸುವ ಅಡಾಪ್ಟರ್ ಹಾಕಿ 400 ಎಳೆದರೆ ಮುರಿಯುವ ಜಾಗ ಅದೇ, ಮುರಿದಾಗ ಗೆಣ್ಣು ಹೋಗಿ ರೇಡಿಯೇಟರ್ ಸಪೋರ್ಟ್‌ಗೆ ಬಡಿಯುತ್ತದೆ. ಒಂದು ಎಂಜಿನ್‌ಗಾಗಿ ಇದನ್ನೆಲ್ಲ ಕೊಳ್ಳುವುದು ದಂಡ ಅನ್ನಿಸಿದರೆ ಎರವಲು ತನ್ನಿ. ಅಮೆರಿಕದಲ್ಲಿರುವ ಕನ್ನಡಿಗರಿಗೆ ಆಟೋಝೋನ್‌ನಂಥ ಅಂಗಡಿಗಳು ಠೇವಣಿ ಇಟ್ಟುಕೊಂಡು ಸಾಧನ ಕೊಡುತ್ತವೆ, ವಾಪಸ್ ಕೊಟ್ಟರೆ ಠೇವಣಿ ವಾಪಸ್. ನಮ್ಮ ಕಡೆ ಲಾರಿ ಗ್ಯಾರೇಜ್‌ನವರ ಹತ್ತಿರ ಕೇಳಿ ನೋಡಿ. ವ್ರೆಂಚ್ ಕೊಡಲು ಹಿಂಜರಿದರೂ ಜೊತೆಗೆ ಒಬ್ಬ ಹುಡುಗನನ್ನು ಕಳಿಸಿಕೊಟ್ಟಾರು.

ಇಟ್ಟ ಅಂಕಿ ಮುಟ್ಟಿದಾಗ ಕ್ಲಿಕ್ ಅನ್ನುವ ಕ್ಲಿಕ್ ವ್ರೆಂಚ್‌ನ ಹಿಡಿಕೆಗೆ ಪೈಪ್ ತೂರಿಸಿ ಎಳೆಯಬೇಡಿ. ಎಷ್ಟೋ ವ್ರೆಂಚ್‌ಗಳು ಕೈ ಹಿಡಿಕೆಯ ಜಾಗದಲ್ಲೇ ಇದ್ದಾಗ ಮಾತ್ರ ಸರಿಯಾಗಿ ಕ್ಲಿಕ್ ಆಗುತ್ತವೆ. ಅಲ್ಲದೆ ಅದರ ಮೈಮೇಲೆ ಬರೆದ ಮಿತಿ ದಾಟಿದರೆ ಒಳಗಿನ ಸ್ಪ್ರಿಂಗ್, ಹಲ್ಲು ಕೆಡುತ್ತವೆ.

ಮಲ್ಟಿಪ್ಲೈಯರ್: ಒಳ್ಳೆಯದೂ ಇದೆ, ಮೋಸವೂ ಇದೆ

ಇದು ನೀವು ಹಾಕಿದ ಬಲವನ್ನು ಹಲವು ಪಟ್ಟು ಮಾಡಿಕೊಡುವ ಗೇರ್ ಡಬ್ಬಿ. ಒಳಗೆ ಪ್ಲಾನೆಟರಿ ಗೇರ್, ಹೊರಗೆ ಒಂದು ತೋಳು. ತೋಳನ್ನು ಎಲ್ಲಿಗಾದರೂ ಆನಿಸಬೇಕು. ನಿಜವಾದ ಗುಣಕ 4 ಇದ್ದರೆ, 410 ಬೇಕಾದವರು ಇತ್ತ ಕಡೆ 102.5 ಹಾಕಿದರೆ ಸಾಕು. ನಿಮ್ಮ ಹತ್ತಿರ ಈಗಾಗಲೇ ಇರುವ ವ್ರೆಂಚ್ ನಡೆಯುತ್ತದೆ. ಬೀಟಲ್‌ನವರ ನಡುವೆ ಟಾರ್ಕ್ ಮೀಸ್ಟರ್ ಅನ್ನುವ 9ಕ್ಕೆ 1ರ ಸಾಧನ ಜನಪ್ರಿಯ. 28 ಪೌಂಡ್-ಅಡಿ ಹಾಕಿದರೆ ಅತ್ತ 252. ಹಿಂದಿನ ಚಕ್ರದ ಆಕ್ಸಲ್ ನಟ್ ಕೂಡ ಅದೇ 36 ಮಿಲಿಮೀಟರ್ ಅಳತೆಯದು, ಅದಕ್ಕೂ ಬರುತ್ತದೆ. ಬೀಟಲ್ ಇಟ್ಟುಕೊಂಡವರು ಇದಕ್ಕೆ ದುಡ್ಡು ಹಾಕಿದರೆ ನಷ್ಟವಿಲ್ಲ.

"ನಿಜವಾದ ಗುಣಕ" ಅಂದೆ. ಗೇರ್ ಹಲ್ಲಿನ ಲೆಕ್ಕ 5 ಅಂತ ಇದ್ದರೂ ಘರ್ಷಣೆ ಕಳೆದು ಕೈಗೆ ಸಿಗುವುದು ಅದಕ್ಕಿಂತ ಕಡಿಮೆ. ಒಳ್ಳೆಯ ಕಂಪನಿಯವರು ಎರಡೂ ಅಂಕಿ ಕೊಡುತ್ತಾರೆ, ಸರ್ಟಿಫಿಕೇಟ್ ಜೊತೆಗೆ. ಲಾರಿ ಚಕ್ರದ ನಟ್ ಬಿಚ್ಚಲು ಹ್ಯಾಂಡಲ್ ತಿರುಗಿಸುವ 58ಕ್ಕೆ 1, 64ಕ್ಕೆ 1 ಅಂತ ಮಾರುತ್ತಾರಲ್ಲ, ಅದು ಬಿಚ್ಚುವುದಕ್ಕೆ ಸೊಗಸಾದ ಸಾಧನ. ಬಿಗಿ ಮಾಡುವುದಕ್ಕೆ ಬೇಡ. ಲೆಕ್ಕ ಹಾಕಿ ನೋಡಿ: 410ನ್ನು 58ರಿಂದ ಭಾಗಿಸಿದರೆ 7 ನ್ಯೂಟನ್ ಮೀಟರ್. ಒಳಗಿನ ಒಣ ಗ್ರೀಸ್ ಎಳೆಯುವ ಬಲವೇ ಅದರಲ್ಲಿ ದೊಡ್ಡ ಪಾಲು. ಅಳತೆ ಅನ್ನುವ ಮಾತೇ ಇಲ್ಲ.

ತೋಳು ಎಲ್ಲಿ ಆನುತ್ತದೆ ಅನ್ನುವುದನ್ನು ಎರಡು ಸಲ ನೋಡಿ. 410 ಹೊರಗೆ, 102 ಒಳಗೆ ಅಂದರೆ ಉಳಿದ 308ನ್ನು ತೋಳು ಹೊರಬೇಕು. ತೋಳು 20 ಸೆಂಟಿಮೀಟರ್ ಇದ್ದರೆ ಅದರ ತುದಿಯಲ್ಲಿ 150 ಕಿಲೋಗೂ ಜಾಸ್ತಿ ಒತ್ತಡ. ಅಲ್ಯುಮಿನಿಯಂ ಟೈಮಿಂಗ್ ಕವರ್, ವಾಟರ್ ಪಂಪ್ ಇವೆಲ್ಲ ಅದನ್ನು ತಡೆಯುವುದಿಲ್ಲ. ಬೆರಳು ಸಿಕ್ಕಿದರೆ ಬೆರಳೂ ಅಷ್ಟೇ. ಪುಲ್ಲಿಗೆ ಬೋಲ್ಟ್ ಮಾಡಿದ ಹೋಲ್ಡರ್‌ಗೇ ಆ ತೋಳನ್ನು ಆನಿಸಲು ಸಾಧ್ಯವಾದರೆ ಅದಕ್ಕಿಂತ ಚೆನ್ನ ಇನ್ನೊಂದಿಲ್ಲ. ಬಲವೆಲ್ಲ ಒಳಗೊಳಗೇ ಮುಗಿಯುತ್ತದೆ.

ರಾಡ್ ಮತ್ತು ತೂಗುವ ಸ್ಕೇಲ್

ಕಡಿಮೆ ಖರ್ಚಿನಲ್ಲಿ ನನಗೆ ಹೆಚ್ಚು ನಂಬಿಕೆ ಇರುವುದು ಇದರ ಮೇಲೆ. ಟಾರ್ಕ್ ಅಂದರೆ ಬಲ ಗುಣಿಸು ದೂರ, ಅದಕ್ಕಿಂತ ಬೇರೆ ಮಾಯೆ ಏನೂ ಇಲ್ಲ. ಬೀಟಲ್‌ನ 343 ಅಂದರೆ ಸರಿಯಾಗಿ 35 ಕೆಜಿ-ಮೀಟರ್. 70 ಕಿಲೋ ತೂಕದ ಮನುಷ್ಯ ಅರ್ಧ ಮೀಟರ್ ದೂರದಲ್ಲಿ ರಾಡ್ ಮೇಲೆ ನಿಂತರೆ ಆಯಿತು. ಹಳಬರು ಹಾಗೇ ಮಾಡಿದ್ದಾರೆ. ಆದರೆ ನಿಂತವನು ಸ್ವಲ್ಪ ಕುಲುಕಿದರೂ ಬಲ ಎಷ್ಟೋ ಏರುತ್ತದೆ. ಕಾಲು ಜಾರಿದರೆ ಸೊಂಟ ಹೋಯಿತು. ನಾನು ಅದನ್ನು ಹೇಳುತ್ತಿಲ್ಲ.

ಗುಜರಿಯವರು, ತರಕಾರಿ ಮಂಡಿಯವರು ಬಳಸುವ ಕೊಕ್ಕೆಯ ಡಿಜಿಟಲ್ ಸ್ಕೇಲ್ ಇದೆಯಲ್ಲ, 50 ಕಿಲೋ ಅಥವಾ ಹೆಚ್ಚಿನದು, ಅದು ಸಾಕು. ಗಟ್ಟಿ ರಾಡ್ ಮೇಲೆ ಬೋಲ್ಟ್‌ನ ನಡುವಿನಿಂದ ಸರಿಯಾಗಿ ಒಂದು ಮೀಟರ್ ಅಳೆದು ಗುರುತು ಮಾಡಿ, ಅಲ್ಲಿಗೆ ಸ್ಕೇಲ್ ತೂಗುಹಾಕಿ, ಕೊಕ್ಕೆಯನ್ನು ನೇರ ಕೆಳಕ್ಕೆ ಎಳೆಯಿರಿ. ರಾಡ್ ನೆಲಕ್ಕೆ ಸಮನಾಗಿರಬೇಕು. 30 ಡಿಗ್ರಿ ಓರೆಯಾದರೆ ಶೇಕಡ 13ರಷ್ಟು ಬಿಗಿ ಕಡಿಮೆಯಾಗುತ್ತದೆ, ಐದು ಡಿಗ್ರಿ ಓರೆಯಾದರೆ ಲೆಕ್ಕಕ್ಕೇ ಇಲ್ಲ. ರಾಡ್‌ನ ಸ್ವಂತ ಭಾರವೂ ಕೆಲಸ ಮಾಡುತ್ತದೆ ಅನ್ನುವುದನ್ನು ಮರೆಯಬೇಡಿ. ಒಂದು ಮೀಟರ್ ಉದ್ದದ, 3 ಕಿಲೋ ಭಾರದ ರಾಡ್ ಆದರೆ ಅದರ ಅರ್ಧ, ಒಂದೂವರೆ ಕಿಲೋ, ಲೆಕ್ಕದಿಂದ ಕಳೆಯಿರಿ. 35 ಬೇಕಾದವರು ಸ್ಕೇಲ್‌ನಲ್ಲಿ 33.5 ಕಂಡರೆ ನಿಲ್ಲಿಸಬೇಕು. ಎಂ54ನವರಿಗೆ 41.8, ಅದರಿಂದ ರಾಡ್‌ನ ಪಾಲು ಕಳೆದು.

ಸ್ಕೇಲ್ ಸರಿ ಇದೆಯಾ ಅಂತ ನೋಡಲು ಲ್ಯಾಬ್ ಬೇಡ. ಸೀಲ್ ಒಡೆಯದ ಅಡುಗೆ ಗ್ಯಾಸ್ ಸಿಲಿಂಡರ್ ತೂಗುಹಾಕಿ. ಖಾಲಿ ಸಿಲಿಂಡರ್‌ನ ತೂಕ ಅದರ ಮೇಲೇ ಬರೆದಿರುತ್ತದೆ, ಅದಕ್ಕೆ 14.2 ಕಿಲೋ ಗ್ಯಾಸ್ ಸೇರಿಸಿ. ಒಟ್ಟು 30 ಕಿಲೋ ಹತ್ತಿರ ಬರುತ್ತದೆ, ನಮಗೆ ಬೇಕಾದ ಆಸುಪಾಸಿನಲ್ಲೇ. ಅರ್ಧ ಕಿಲೋ ವ್ಯತ್ಯಾಸ ಇದ್ದರೂ ಅದು ಶೇಕಡ ಎರಡರ ಒಳಗೇ. ಒಳ್ಳೆಯ ಕ್ಲಿಕ್ ವ್ರೆಂಚ್‌ಗೆ ಟಾರ್ಕ್ ವ್ರೆಂಚ್‌ಗಳ ಅಂತರರಾಷ್ಟ್ರೀಯ ಮಾನದಂಡ ಐಎಸ್‌ಒ 6789 ಒಪ್ಪುವುದೇ ಶೇಕಡ 4ರ ಆಚೀಚೆ. ಅಂದರೆ ನೀವು ಜೋಡಿಸಿದ್ದು ಅಂಗಡಿ ಮಾಲಿಗೆ ಕಡಿಮೆಯದೇನಲ್ಲ.

ತೊಂದರೆ ಒಂದೇ, ಜಾಗ. ಸ್ಟ್ಯಾಂಡ್ ಮೇಲಿನ ಎಂಜಿನ್‌ಗೆ ಬರುತ್ತದೆ. ಕಾರೊಳಗೆ ಚಕ್ರದ ಪಕ್ಕದ ಸಂದಿಯಿಂದ ಉದ್ದದ ಎಕ್ಸ್‌ಟೆನ್ಶನ್ ಹಾಕಿ ಕೆಲಸ ಮಾಡುವಾಗ ಕಷ್ಟ. ಆಗ ಎಕ್ಸ್‌ಟೆನ್ಶನ್‌ನ ಹೊರ ತುದಿಯನ್ನು ಜ್ಯಾಕ್ ಸ್ಟ್ಯಾಂಡ್ ಮೇಲೆ ಕೂರಿಸಿ, ಇಲ್ಲವಾದರೆ ಸಾಕೆಟ್ ಓರೆಯಾಗಿ ಬೋಲ್ಟ್ ತಲೆ ತಿಂದುಕೊಂಡು ಹೋಗುತ್ತದೆ.

ಇಂಪ್ಯಾಕ್ಟ್ ಗನ್

ಬಿಚ್ಚಲು ಇದನ್ನು ಮೀರಿಸಿದ್ದು ಇಲ್ಲ. ಪಟಪಟ ಹೊಡೆಯುವ ಏಟಿಗೆ ಕ್ರ್ಯಾಂಕ್ ತಿರುಗಲು ಪುರುಸೊತ್ತೇ ಸಿಗುವುದಿಲ್ಲ, ಹಾಗಾಗಿ ಹೋಲ್ಡರ್ ಇಲ್ಲದೆಯೂ ಎಷ್ಟೋ ಸಲ ಬೋಲ್ಟ್ ಬಂದುಬಿಡುತ್ತದೆ. ಹೋಂಡಾ ಬೋಲ್ಟ್‌ಗಳಿಗೆ ಅಂತಲೇ ದಪ್ಪ ಮೈಯ ಭಾರದ 19 ಮಿಲಿಮೀಟರ್ ಸಾಕೆಟ್ ಬರುತ್ತದೆ. ಅದರ ಭಾರದಿಂದ ಏಟು ಇನ್ನೂ ಚೆನ್ನಾಗಿ ಬೀಳುತ್ತದೆ. ಕಪ್ಪು ಇಂಪ್ಯಾಕ್ಟ್ ಸಾಕೆಟ್ ಮಾತ್ರ ಬಳಸಿ. ಹೊಳೆಯುವ ಕ್ರೋಮ್ ಸಾಕೆಟ್ ಸಿಡಿಯಬಹುದು.

ಬಿಗಿ ಮಾಡಲು ಬೇಡವೇ ಬೇಡ. ಡಬ್ಬದ ಮೇಲೆ 1000 ನ್ಯೂಟನ್ ಮೀಟರ್ ಅಂತ ಬರೆದಿದ್ದರೂ ಬೋಲ್ಟ್‌ಗೆ ಎಷ್ಟು ತಲುಪಿತು ಅಂತ ಯಾರಿಗೂ ಗೊತ್ತಿರುವುದಿಲ್ಲ. "ಗನ್ ಹೊಡೆದು ಆಮೇಲೆ ಟಾರ್ಕ್ ವ್ರೆಂಚ್‌ನಲ್ಲಿ ಚೆಕ್ ಮಾಡ್ತೀವಿ" ಅನ್ನುವ ಗ್ಯಾರೇಜ್ ಮಾತು ಕೇಳಿರುತ್ತೀರಿ. ಬೋಲ್ಟ್ ಆಗಲೇ 550ಕ್ಕೆ ಹೋಗಿದ್ದರೂ 410ಕ್ಕೆ ಇಟ್ಟ ವ್ರೆಂಚ್ ಕ್ಲಿಕ್ ಅನ್ನುತ್ತದೆ ಅಲ್ವಾ? ಕಡಿಮೆ ಇಲ್ಲ ಅನ್ನುವುದನ್ನಷ್ಟೇ ಅದು ಹೇಳುತ್ತದೆ.

ಎಳೆಯುವ ಮುಂಚೆ

ಎಣ್ಣೆಯ ವಿಷಯದಲ್ಲಿ ಸ್ವಂತ ಬುದ್ಧಿ ಬೇಡ. ಎಷ್ಟೋ ಎಂಜಿನ್‌ಗಳಲ್ಲಿ ಥ್ರೆಡ್‌ಗೆ ಮತ್ತು ಬೋಲ್ಟ್ ತಲೆಯ ಕೆಳಗೆ ಎಂಜಿನ್ ಆಯಿಲ್ ಹಚ್ಚಲು ಹೇಳಿರುತ್ತಾರೆ, ಪುಲ್ಲಿ ಮತ್ತು ಕ್ರ್ಯಾಂಕ್ ಒಂದಕ್ಕೊಂದು ಕೂರುವ ಮುಖ ಮಾತ್ರ ಒಣಗಿರಬೇಕು. ಒಣ ಥ್ರೆಡ್‌ಗೆ ಕೊಟ್ಟ ಅಂಕಿಯನ್ನು ಎಣ್ಣೆ ಹಚ್ಚಿ ಹಾಕಿದರೆ ಬೋಲ್ಟ್ ಬೇಕಾದ್ದಕ್ಕಿಂತ ಹೆಚ್ಚು ಹಿಗ್ಗುತ್ತದೆ. ಬೋಲ್ಟ್ ತೂತಿನ ತಳದಲ್ಲಿ ಎಣ್ಣೆ ನಿಂತಿದ್ದರೆ ಒರೆಸಿ ತೆಗೆಯಿರಿ, ಎಣ್ಣೆ ಒತ್ತಿಹೋಗಲು ಜಾಗವಿಲ್ಲದೆ ಸುಳ್ಳು ಬಿಗಿ ತೋರಿಸುತ್ತದೆ.

ಎಳೆಯುವಾಗ ಕೊನೆಯ ಸುತ್ತು ಒಂದೇ ಉಸಿರಿನಲ್ಲಿ, ನಿಧಾನಕ್ಕೆ, ನಿಲ್ಲದಂತೆ ಹೋಗಬೇಕು. 380ರಲ್ಲಿ ಉಸ್ಸಪ್ಪಾ ಅಂತ ನಿಲ್ಲಿಸಿ ಮತ್ತೆ ಶುರು ಮಾಡಿದರೆ, ನಿಂತ ಬೋಲ್ಟ್ ಅಲ್ಲಾಡುವ ಮುಂಚೆಯೇ ವ್ರೆಂಚ್ 410ಕ್ಕೆ ಕ್ಲಿಕ್ ಅಂದುಬಿಡಬಹುದು. ಬರೀ ಟಾರ್ಕ್ ಅಂಕಿಯ ಬೋಲ್ಟ್ ಆದರೆ ಅರ್ಧ ಸುತ್ತು ಹಿಂದಕ್ಕೆ ಬಿಟ್ಟು ಮತ್ತೆ ಎಳೆಯಿರಿ. ಡಿಗ್ರಿ ಬೋಲ್ಟ್‌ಗೆ ಆ ತೊಂದರೆ ಇಲ್ಲ, ಎರಡು ಮೂರು ಸಲಕ್ಕೆ ಎಳೆದರೂ ಗೆರೆ ಗೆರೆಗೆ ಬಂದರೆ ಆಯಿತು.

ಸೆಕೆಂಡ್ ಹ್ಯಾಂಡ್‌ನಲ್ಲಿ ಮುಕ್ಕಾಲು ಇಂಚಿನ ವ್ರೆಂಚ್ ಒಳ್ಳೆಯ ಬೆಲೆಗೆ ಸಿಕ್ಕಿದರೆ ಬಿಡಬೇಡಿ, ಆದರೆ ಕೊಂಡ ದಿನವೇ ಬಳಸಬೇಡಿ. ಬೆಂಗಳೂರಿನವರಾದರೆ ಪೀಣ್ಯದ ಕಡೆ ಕ್ಯಾಲಿಬ್ರೇಶನ್ ಲ್ಯಾಬ್‌ಗಳಿವೆ. ಎನ್‌ಎಬಿಎಲ್ (ಲ್ಯಾಬ್‌ಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆ ಇರುವ ಕಡೆ ಕೊಟ್ಟು, ನಿಮಗೆ ಬೇಕಾದ ಅಂಕಿಯ ಹತ್ತಿರ, ಅಂದರೆ 400ರಲ್ಲಿ, ಎಷ್ಟು ತೋರಿಸುತ್ತದೆ ಅಂತ ಬರೆಸಿಕೊಳ್ಳಿ. ಅದು ಶೇಕಡ 6 ಕಡಿಮೆ ಹಾಕುತ್ತದೆ ಅಂತ ಗೊತ್ತಾದರೂ ಪರವಾಗಿಲ್ಲ, ಅಷ್ಟು ಹೆಚ್ಚಿಗೆ ಇಟ್ಟು ಎಳೆದರಾಯಿತು. ಒಂದೊಂದು ಸಲ ಒಂದೊಂದು ತೋರಿಸಿದರೆ ಮಾತ್ರ ಮಾರಿದವನಿಗೇ ವಾಪಸ್ ಕೊಡಿ.